ಫಿಪ್ರೆಸ್ಕಿ ಪ್ರಶಸ್ತಿ ಯಾರದು?

ಸಿನಿಮಾ ಪೋಸ್ಟರಿನಲ್ಲಿ ಕಂಡ ಫಿಪ್ರೆಸ್ಕಿ ಪ್ರಶಸ್ತಿ ಸರ್ಕಾರದ್ದೇ ಎಂದು ಕೇಳಿದ್ದೀರಿ. ಅಲ್ಲ ಸರ್. ಅದು ಚಲನಚಿತ್ರ ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟದ್ದು. ಫಿಪ್ರೆಸ್ಕಿ ಎಂಬುದು ಆ ಒಕ್ಕೂಟದ ಚಿಕ್ಕ ಹೆಸರು; ಒಕ್ಕೂಟ 1930ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿತು. ಭಾರತದಲ್ಲಿಯೂ ಅದರ ಘಟಕವಿದೆ. ಕಾನ್, ಬರ್ಲಿನ್, ವೆನಿಸ್‌ನಂಥ ಚಿತ್ರೋತ್ಸವಗಳಲ್ಲಿ ಮುಖ್ಯ ತೀರ್ಪುಗಾರರನ್ನು ಬಿಟ್ಟು, ಬೇರೆ ಬೇರೆ ದೇಶಗಳ ಕೆಲವೇ ವಿಮರ್ಶಕರು ಪ್ರತ್ಯೇಕವಾಗಿ ಕುಳಿತು, ಚರ್ಚಿಸಿ ಆರಿಸುತ್ತಾರೆ. ತಾರೆಯರ ಹೆಸರಾಗಲಿ ಗಳಿಕೆಯಾಗಲಿ ಅಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿಯೇ ನನಗೆ ಅದರ ಮೇಲೆ ಗೌರವ ಹೆಚ್ಚು.

ಧಾರವಾಡದಲ್ಲಿ ಒಂದು ಮಳೆಗಾಲದ ಸಂಜೆ, ಇಂಥ ಪ್ರಶಸ್ತಿ ಪಡೆದ ಚಿತ್ರವನ್ನು ಮೂವತ್ತೇ ಜನ ನೋಡಿದೆವು. ಮುಗಿದ ಮೇಲೆ ಒದ್ದೆ ಕೊಡೆ ಹಿಡಿದು ಬಾಗಿಲಲ್ಲೇ ಗಂಟೆಗಟ್ಟಲೆ ಚರ್ಚಿಸಿದೆವು. ಕನ್ನಡ ಚಿತ್ರಗಳಿಗೆ ವಿಮರ್ಶಕರೇ ಕೊಡುವ ಚಂದನವನ ಫಿಲ್ಮ್ ಕ್ರಿಟಿಕ್ಸ್ ಅಕಾಡೆಮಿ ಪ್ರಶಸ್ತಿಯೂ ಇದೆ. ಅದರ ಪಟ್ಟಿಯನ್ನೂ ತಪ್ಪದೆ ನೋಡಿ.