ಮತ್ತೆ ಅದೇ ಕಥೆನಾ?

ಓದುಗರ ಪತ್ರ: ನಾನು ಚಿಕ್ಕವಳಿದ್ದಾಗ ಅಪ್ಪ ಸಾವಿನ ದವಡೆಯಿಂದ ಪಾರಾಗಿ ಬಂದರು. ದೇವರು ಅವರನ್ನು ಉಳಿಸಿದ ಸಂಗತಿಯನ್ನು ಮಕ್ಕಳಿಗೆ ಆಗಾಗ ಹೇಳುತ್ತೇನೆ. ಮಗ ‘ಮತ್ತೆ ಅದೇ ಕಥೆನಾ?’ ಎಂದು ಎದ್ದು ಹೋಗುತ್ತಾನೆ. ಮೊನ್ನೆ ಮಗಳು, ‘ತಾತನನ್ನು ಉಳಿಸಿದ ದೇವರು ಚಿಕ್ಕಮ್ಮನನ್ನು ಯಾಕೆ ಉಳಿಸಲಿಲ್ಲ?’ ಎಂದಳು. ಬೈದು ಬಾಯಿ ಮುಚ್ಚಿಸಿದೆ. ಇವರಿಗೆ ನಂಬಿಕೆ ಹೇಗೆ ಕಲಿಸಲಿ?
– ಒಬ್ಬ ತಾಯಿ

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ಮಗಳನ್ನು ಬೈಯಬೇಡಿ. ನಿಮ್ಮ ಕಥೆಯನ್ನು ಮನಸ್ಸಿಟ್ಟು ಕೇಳಿದವಳು ಅವಳೇ.

ಬೈಬಲಿನಲ್ಲಿ ಮಕ್ಕಳ ಪ್ರಶ್ನೆಗೆ ಎಂಥ ಜಾಗ ಇದೆ ನೋಡಿ. ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕಹಬ್ಬದ ಕಟ್ಟಳೆ ಕೊಡುವಾಗಲೇ ಅವರ ನಾಯಕ ಮೋಶೆ, ಇದೇನೆಂದು ಮಕ್ಕಳು ಕೇಳಿದರೆ ಹೀಗೆ ಹೇಳಿ ಎನ್ನುತ್ತಾನೆ. ಮುಂದೆ ಅವರು ಯೊರ್ದನ್ ಹೊಳೆ ದಾಟಿದಾಗಲೂ ಅಷ್ಟೇ. ಸುಗ್ಗಿಕಾಲ, ಹೊಳೆ ದಡ ಮೀರಿ ಹರಿಯುವ ಹೊತ್ತು. ದೇವರು ನೀರನ್ನು ತಡೆದು ದಾರಿ ಮಾಡಿದಾಗ, ಹೊಳೆಯ ನಡುವೆ ಯಾಜಕರು ಕಾಲೂರಿ ನಿಂತ ಜಾಗದಿಂದಲೇ 12 ಕಲ್ಲು ಎತ್ತಿಸಿದರು. ಹನ್ನೆರಡು ಕುಲಗಳಲ್ಲಿ ಕುಲಕ್ಕೊಬ್ಬ, ಹೆಗಲಿಗೊಂದು ಕಲ್ಲು. ಮೋಶೆಯ ನಂತರದ ನಾಯಕ ಯೆಹೋಶುವ ಅವನ್ನು ಗಿಲ್ಗಾಲ್ ಎಂಬ ಜಾಗದಲ್ಲಿ ನಿಲ್ಲಿಸಿದ. ಮುಂದೆ ಮಕ್ಕಳು ನೋಡಿ ಕೇಳಲಿ, ಆಗ ದೊಡ್ಡವರು ಹೇಳಲಿ ಎಂಬುದೇ ಏರ್ಪಾಡು. ನಮ್ಮದು ಉಲ್ಟಾ, ಅಲ್ವಾ? ಕೇಳದಿದ್ದಾಗ ಹೇಳುತ್ತೇವೆ, ಕೇಳಿದಾಗ ಬೈಯುತ್ತೇವೆ.

ಇನ್ನೊಂದು ಮಾತು. ನೀವು ಹೇಳುವ ಕಥೆಯಲ್ಲಿ ಭಯ ಇದೆಯಾ? ಆ ದಿನಗಳಲ್ಲಿ ನಿಮ್ಮ ತಾಯಿ ದೇವರ ಮೇಲೆ ಮುನಿಸಿಕೊಂಡಿದ್ದರಾ? ಪ್ರಾರ್ಥನೆಯೇ ಬಾಯಿಗೆ ಬರದ ರಾತ್ರಿ ಇತ್ತಾ? ಅದನ್ನೆಲ್ಲ ಬಿಟ್ಟು ‘ಪ್ರಾರ್ಥಿಸಿದೆವು, ವಾಸಿಯಾಯಿತು’ ಎಂದು ಮುಗಿಸಿದರೆ ಹುಡುಗರಿಗೆ ಬೇಜಾರಾಗದೆ ಇನ್ನೇನು?

ಬೈಬಲಿನ 78ನೆಯ ಕೀರ್ತನೆ ತೆಗೆಯಿರಿ. ದೇವರು ಮಾಡಿದ್ದನ್ನು ಮಕ್ಕಳಿಗೆ ಮುಚ್ಚಿಡುವುದಿಲ್ಲ ಎಂದು ಶುರುವಾಗುವ 72 ವಚನಗಳ ಹಾಡು. ಸಮುದ್ರ ಇಬ್ಭಾಗವಾದದ್ದು, ಬಂಡೆಯಿಂದ ನೀರು ಬಂದದ್ದು ಎಲ್ಲ ಇದೆ. ಹಿರಿಯರ ಹುಳುಕೂ ಇದೆ. ನೀರು ಕುಡಿದ ಬಾಯಲ್ಲೇ, ಕಾಡಿನಲ್ಲಿ ಊಟ ಬಡಿಸಲು ದೇವರಿಗೆ ಆದೀತೇ ಎಂದು ಗೊಣಗಿದರು. ಬಿಲ್ಲು ಹಿಡಿದ ಎಫ್ರಾಯೀಮ್ ಕುಲದವರು ಯುದ್ಧದ ದಿನ ಬೆನ್ನು ತೋರಿಸಿದರು. ಬಾಯಲ್ಲಿ ಹೊಗಳಿದರು, ನಾಲಗೆಯಲ್ಲಿ ಸುಳ್ಳಾಡಿದರು. ಇಷ್ಟು ಬಿಚ್ಚಿ ಮಾತಾಡುವ ಅಜ್ಜ-ಅಜ್ಜಿಯರು ನಮ್ಮಲ್ಲಿ ಎಷ್ಟು ಮಂದಿ? ಮಕ್ಕಳು ತಂದೆಗಳ ಹಾಗೆ ಮೊಂಡರಾಗದಿರಲಿ ಎಂದೇ ಇದನ್ನೆಲ್ಲ ಹೇಳಿದ್ದು. ನನ್ನನ್ನು ಕೇಳಿದರೆ, ದೇವರು ಮಾಡಿದ್ದನ್ನು ಹೇಳುತ್ತ ಹಿರಿಯರನ್ನು ಶೂರರನ್ನಾಗಿ ಮಾಡುವ ಸಾಕ್ಷಿ ಚರ್ಚಿನ ಸಭೆಯಲ್ಲಿ ಚೆನ್ನಾಗಿರುತ್ತದೆ, ಮನೆಯಲ್ಲಿ ನಡೆಯುವುದಿಲ್ಲ. ಮನೆಯವರಿಗೆ ನಮ್ಮ ಬಂಡವಾಳ ಗೊತ್ತಿರುತ್ತದಲ್ಲ!

ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಸಲೀಸಾದ ಉತ್ತರ ಹುಡುಕಲು ಹೋಗಬೇಡಿ. ‘ಗೊತ್ತಿಲ್ಲ ಮಗಳೇ, ನನಗೂ ಆ ನೋವು ಇದೆ’ ಎನ್ನಿ. ‘ದೇವರಿಗೂ ಒಳ್ಳೆಯವರೇ ಬೇಕು’ ಎಂಬಂಥ ಮಾತು ಮಾತ್ರ ಬೇಡವೇ ಬೇಡ. 77ನೆಯ ಕೀರ್ತನೆಯಲ್ಲಿ ಅದರ ಕವಿ ಆಸಾಫನಿಗೆ ನಿದ್ದೆ ಹತ್ತುವುದಿಲ್ಲ. ದೇವರು ಕನಿಕರಪಡುವುದನ್ನೇ ಮರೆತನೋ ಎಂದು ಕೇಳಿಬಿಡುತ್ತಾನೆ. ಯಾರೂ ಅವನನ್ನು ಗದರಿಸುವುದಿಲ್ಲ. ಆಮೇಲೆ ಅವನು ನೆನಪಿಸಿಕೊಳ್ಳುವುದು ದೇವರು ತನ್ನ ಜನರನ್ನು ಸಮುದ್ರದಲ್ಲಿ ದಾಟಿಸಿದ್ದನ್ನು. ಅಲ್ಲೂ ದೇವರ ಹೆಜ್ಜೆಗುರುತು ಕಾಣಲಿಲ್ಲ ಎನ್ನುತ್ತಾನೆ.

ಮಗಳ ಜೊತೆ ಕೂತು ಆ ಕೀರ್ತನೆ ಓದಿ. ಚಿಕ್ಕಮ್ಮನ ಬಗ್ಗೆ ಅವಳಿಗೆ ನೆನಪಿರುವುದನ್ನು ಮೊದಲು ಅವಳೇ ಹೇಳಲಿ. ಇನ್ನು ಮಗನ ವಿಷಯ: ತಾತ ಇನ್ನೂ ಇದ್ದರೆ ಈ ಸಲ ಕಥೆಯನ್ನು ಅವರೇ ಹೇಳಲಿ. ನೀವು ನಡುವೆ ಬಾಯಿ ಹಾಕಬೇಡಿ.