ಮೊದಲು 15 ಎಂದರು, ಆಮೇಲೆ 25 ಎಂದರು!

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಸಣ್ಣ ಕರುಳಿನ ಶುರುವಿನಲ್ಲಿದ್ದ ಹುಣ್ಣು ತೂತಾಗಿತ್ತು. ಹೊಟ್ಟೆನೋವು ಶುರುವಾದ ಎರಡನೇ ದಿನ ರಾತ್ರಿ ತುರ್ತು ಆಪರೇಷನ್ ಆಯಿತು. ಒಳಗೆಲ್ಲ ಕೀವಿತ್ತಂತೆ, ಕಿಡ್ನಿ ಸರಿಯಿತ್ತಂತೆ. ಆಪರೇಷನ್‌ಗೆ ಮುಂಚೆ ಡಾಕ್ಟರು ‘ಪ್ರಾಣಾಪಾಯ ನೂರಕ್ಕೆ 15’ ಎಂದರು. ಮರುದಿನ ಐಸಿಯುನಲ್ಲಿ ಇನ್ನೊಬ್ಬರು ‘ಸ್ಕೋರ್ 25’ ಎಂದರು. ಒಂದೇ ರಾತ್ರಿಗೆ 10 ಜಾಸ್ತಿ ಆಯಿತಲ್ಲ ಎಂದು ಅಮ್ಮ ಊಟವನ್ನೇ ಬಿಟ್ಟರು. ಈಗ ಅಪ್ಪ ಮನೆಗೆ ಬಂದಿದ್ದಾರೆ. ಆ ಲೆಕ್ಕ ಸುಳ್ಳಾ ಹಾಗಾದರೆ?

ಉತ್ತರ: ಜಾಸ್ತಿ ಆಗಿರಲಿಲ್ಲ. ಜ್ವರದ ಡಿಗ್ರಿಯಲ್ಲಿ ತೂಕದ ಕಿಲೋ ಕಳೆದ ಹಾಗಾಯಿತು ನಿಮ್ಮ ಲೆಕ್ಕ. 15 ಶೇಕಡಾ, 25 ಬರೀ ಅಂಕ.

ಆ 25 ಮ್ಯಾನ್‌ಹೈಮ್ ಸ್ಕೋರ್ ಇರಬೇಕು, ಹೊಟ್ಟೆಯೊಳಗಿನ ಸೋಂಕು ಎಷ್ಟು ಗಂಭೀರ ಎಂದು ಅಳೆಯುವ ಅಂಕ. ನಿಮ್ಮ ಪತ್ರ ಇಟ್ಟುಕೊಂಡೇ ಕೂಡಿಸಿದೆ. ವಯಸ್ಸು 50 ದಾಟಿದ್ದಕ್ಕೆ 5. ತೊಂದರೆ ಶುರುವಾಗಿ 24 ಗಂಟೆ ಕಳೆದಿದ್ದಕ್ಕೆ 4. ತೂತು ದೊಡ್ಡ ಕರುಳಿನದ್ದಲ್ಲ, ಅದಕ್ಕೆ 4. ಸೋಂಕು ಹೊಟ್ಟೆಯೆಲ್ಲ ಹರಡಿದ್ದಕ್ಕೆ 6, ಕೀವಿಗೆ 6. ಒಟ್ಟು 25! ಕೀವಿನ ಬದಲು ಮಲ ಸೋರಿದ್ದರೆ ಅದಕ್ಕೇ 12. ಪೂರ್ತಿ ಅಂಕ 47. 21ರಿಂದ 29 ಅಂದರೆ ಅಪಾಯದಲ್ಲಿ ಮಧ್ಯದ ಗುಂಪು. ಅಂದಹಾಗೆ ಇದರಲ್ಲಿ ಹೆಂಗಸಾಗಿದ್ದಕ್ಕೂ 5 ಅಂಕ ಹಾಕುತ್ತಾರೆ. ಪ್ರತಿ ಸಲ ಕೂಡಿಸುವಾಗಲೂ ನನಗೆ ಕಿರಿಕಿರಿ.

ಹೊಟ್ಟೆ ತೆರೆದು ನೋಡದೆ ಕೀವೋ ಮಲವೋ ಗೊತ್ತಾಗಲ್ಲ, ಅಲ್ವಾ? ಅದಕ್ಕೇ ಮುಂಚೆ ಬೇರೆ ಲೆಕ್ಕ ಬೇಕು. ನಿಮಗೆ ಹೇಳಿದ ಶೇಕಡಾ 15 ಅಂಥ ಲೆಕ್ಕದ್ದೇ ಇರಬೇಕು. ಪಿ-ಪಾಸಮ್ ಎಂಬುದು ಹೆಚ್ಚು ಬಳಕೆಯಲ್ಲಿದೆ. ನಾಡಿ, ಬಿಪಿ, ಯೂರಿಯಾ, ಸೋಡಿಯಂ, ಇಸಿಜಿ ಹೀಗೆ 12 ದೇಹದ ವಿಷಯ, ಜೊತೆಗೆ ಆಪರೇಷನ್‌ಗೆ ಸೇರಿದ 6. ಆ ಆರರಲ್ಲಿ ರಕ್ತ ಎಷ್ಟು ಹೋಯಿತು ಎನ್ನುವುದೂ ಒಂದು. ಇನ್ನೂ ಚಾಕು ಇಡದ ನಾನು ಅದನ್ನೇನು ಹೇಳಲಿ? ರಾತ್ರಿ ಎರಡು ಗಂಟೆಗೆ ಥಿಯೇಟರ್ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಒಂದು ಅಂದಾಜು ಒತ್ತುತ್ತೇನೆ. 1991ರ ಮೂಲ ಪಾಸಮ್, ಅಪಾಯ ಕಡಿಮೆ ಇದ್ದವರಿಗೂ ಸಾವು ಜಾಸ್ತಿ ತೋರಿಸುತ್ತಿತ್ತು. 1998ರಲ್ಲಿ ತಿದ್ದಿದ್ದೇ ಈ ‘ಪಿ’.

ಸುಳ್ಳಾ ಅಂದಿರಿ. ಅಂಥದೇ ಸ್ಥಿತಿಯ ನೂರು ಜನರಲ್ಲಿ 15 ಮಂದಿ ಹೋಗಬಹುದು ಎಂದರೆ 85 ಮಂದಿ ಮನೆಗೆ ಹೋಗುತ್ತಾರೆ. ನಿಮ್ಮ ತಂದೆ ಆ 85ರಲ್ಲಿ ಒಬ್ಬರು. ಯಾರು ಯಾವ ಕಡೆ ಎಂದು ಸ್ಕೋರ್ ಹೇಳಲ್ಲ. ನಮಗೆ ಅದು ಬೇಕಾಗುವುದು ಬೇರೆ ಕೆಲಸಕ್ಕೆ. ಬ್ರಿಟನ್ನಿನಲ್ಲಿ ಪ್ರಾಣಾಪಾಯ ಶೇಕಡಾ 5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹಿರಿಯ ಸರ್ಜನ್, ಹಿರಿಯ ಅರಿವಳಿಕೆ ವೈದ್ಯರು ಥಿಯೇಟರ್‌ನಲ್ಲೇ ಇರಬೇಕು, ಆಮೇಲೆ ಐಸಿಯು ಕೊಡಬೇಕು ಎಂಬ ನಿಯಮ ಇಟ್ಟುಕೊಂಡಿದ್ದಾರೆ. ನಿಮ್ಮ ತಂದೆಯನ್ನು ವಾರ್ಡಿಗೆ ಕಳಿಸದೆ ಐಸಿಯುನಲ್ಲಿ ಇಟ್ಟುಕೊಂಡದ್ದೂ ಇಂಥ ಲೆಕ್ಕದಿಂದಲೇ ಇರಬಹುದು.

ತಪ್ಪು ನಮ್ಮವರದ್ದೇ. ಸುಮ್ನೆ ‘25’ ಅಂದು ಮುಂದಿನ ಮಂಚಕ್ಕೆ ಹೋದರೆ ಮನೆಯವರು ಏನೆಂದುಕೊಳ್ಳಬೇಕು?

ಮುಂದಿನ ಸಲ ತೋರಿಸಲು ಹೋದಾಗ, ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಪರೀಕ್ಷೆ ಆಗಿದೆಯಾ ಕೇಳಿ. ತಂದೆ ಮಂಡಿನೋವಿಗೆಂದು ಮಾತ್ರೆ ನುಂಗುತ್ತಿದ್ದರೆ ಆ ಚೀಟಿಯನ್ನೂ ಒಯ್ಯಿರಿ, ಅದೂ ಹುಣ್ಣಿಗೆ ಕಾರಣ ಇರಬಹುದು.