ನಾಲ್ಕಕ್ಕೆ ನಾಲ್ಕು

ಓದುಗರ ಪತ್ರ: ನನ್ನ ಮಗಳು ನಮ್ಮ ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ಈಚೆಗೆ ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನಿಂದ ಅವಳಿಗೆ ‘ವಿದ್ಯಾರ್ಥಿ ತೃಪ್ತಿ ಸಮೀಕ್ಷೆ’ಯ ಇ-ಮೇಲ್ ಬಂತು. ಮರುದಿನವೇ ಎಲ್ಲರನ್ನೂ ಕಂಪ್ಯೂಟರ್ ಕೊಠಡಿಯಲ್ಲಿ ಕೂರಿಸಿ, ‘ಎಲ್ಲದಕ್ಕೂ ಮೊದಲನೇ ಉತ್ತರವನ್ನೇ ಒತ್ತಿ, ಕಾಲೇಜಿನ ಮರ್ಯಾದೆಯ ಪ್ರಶ್ನೆ’ ಎಂದರಂತೆ. ಮಗಳು ಒತ್ತಿ ಬಂದಳು. ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದಾನೆ. ಅಲ್ಲಿಯೂ ಇಂಥದೊಂದು ಸಮೀಕ್ಷೆ ಇದೆಯಂತೆ, ಅದಕ್ಕೆ ಬಹಳ ಬೆಲೆಯಂತೆ. ಇವುಗಳಿಂದ ನಿಜವಾಗಿ ಏನಾದರೂ ತಿಳಿಯುತ್ತದೆಯೇ, ಅಥವಾ ಎಲ್ಲ ಕಡೆಯೂ ಇದೊಂದು ನಾಟಕವೇ? ದಯವಿಟ್ಟು ಹೆಸರು, ಊರು ಹಾಕಬೇಡಿ.
— ಮಲೆನಾಡಿನ ಓದುಗರೊಬ್ಬರು

ಸಂಪಾದಕರ ಉತ್ತರ:

ಮಾನ್ಯರೇ,

ಮೊದಲಿಗೆ ಒಂದು ಮಾತು. ಮಗಳನ್ನು ಬೈಯಬೇಡಿ. ಆಂತರಿಕ ಅಂಕ ಯಾರ ಕೈಯಲ್ಲಿದೆಯೋ ಅವರೇ ಬೆನ್ನ ಹಿಂದೆ ನಿಂತಿರುವಾಗ ಹತ್ತೊಂಬತ್ತರ ಹುಡುಗಿ ಬೇರೇನು ಮಾಡಿಯಾಳು? ಈ ಸಮೀಕ್ಷೆಯಲ್ಲಿ ಮೊದಲನೇ ಉತ್ತರಕ್ಕೆ ಪೂರ್ತಿ ನಾಲ್ಕು ಅಂಕ; ಅಂಥ ಕಡೆ ನಾಲ್ಕಕ್ಕೆ ನಾಲ್ಕು ಬಂದರೆ ಅದು ತೃಪ್ತಿಯ ಅಂಕವಲ್ಲ, ಭಯದ ಅಂಕ.

ಹಾಗೆಂದು ಇಂಗ್ಲೆಂಡಿನವರು ಸತ್ಯಹರಿಶ್ಚಂದ್ರನ ಸಂತತಿ ಎಂದೂ ತಿಳಿಯಬೇಡಿ. 2008ರಲ್ಲಿ ಲಂಡನ್ ಬಳಿಯ ಒಂದು ವಿಶ್ವವಿದ್ಯಾಲಯದ ವಿಭಾಗವೊಂದರಲ್ಲಿ, ಅಲ್ಲಿನ ಸಮೀಕ್ಷೆಯ ಹೊತ್ತಿಗೆ, ಅಧ್ಯಾಪಕರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ನೀವು ಕಡಿಮೆ ಅಂಕ ಕೊಟ್ಟು ನಮ್ಮ ಸಂಸ್ಥೆ ಪಟ್ಟಿಯ ತಳಕ್ಕೆ ಬಿದ್ದರೆ ನಾಳೆ ನಿಮಗೇ ಯಾರೂ ಕೆಲಸ ಕೊಡುವುದಿಲ್ಲ ಎಂದು ಬುದ್ಧಿ ಹೇಳಿದ್ದರು. ಯಾರೋ ಅದನ್ನು ಧ್ವನಿಮುದ್ರಿಸಿಕೊಂಡು ಹೊರಗೆ ಬಿಟ್ಟರು. ಆ ವಿಭಾಗದ ಆ ವರ್ಷದ ಫಲಿತಾಂಶವನ್ನೇ ಕೈಬಿಡಲಾಯಿತು. ನಿಮ್ಮ ಮಗಳು ಕೇಳಿದ ಮಾತಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ದೊಡ್ಡ ವ್ಯತ್ಯಾಸವೆಂದರೆ ಅಲ್ಲಿ ಒಬ್ಬ ಧ್ವನಿಮುದ್ರಿಸಿಕೊಂಡ.

ನಿಮ್ಮ ಸೋದರಳಿಯ ಹೇಳಿದ ಸಮೀಕ್ಷೆಗೆ ‘ನ್ಯಾಷನಲ್ ಸ್ಟೂಡೆಂಟ್ ಸರ್ವೆ’ ಎಂದು ಹೆಸರು. 2005ರಿಂದ ನಡೆಯುತ್ತಿದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪದವಿ ತರಗತಿಯ ಕೊನೆಯ ವರ್ಷದವರನ್ನು ಕೇಳುತ್ತಾರೆ. ಈಚಿನ ವರ್ಷಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಉತ್ತರಿಸುತ್ತಾರೆ. ಒಂದು ಕೋರ್ಸಿನ ಅರ್ಧದಷ್ಟಾದರೂ ವಿದ್ಯಾರ್ಥಿಗಳು ಉತ್ತರಿಸದಿದ್ದರೆ ಅದರ ಫಲಿತಾಂಶವನ್ನು ಪ್ರಕಟಿಸುವಂತಿಲ್ಲ. ಈ ನಿಯಮವನ್ನೇ ಹಿಡಿದುಕೊಂಡು 2017ರಲ್ಲಿ ಅಲ್ಲಿನ ವಿದ್ಯಾರ್ಥಿ ಒಕ್ಕೂಟ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಸಮೀಕ್ಷೆಯ ಅಂಕಗಳನ್ನು ಚಿನ್ನ, ಬೆಳ್ಳಿ, ಕಂಚು ಎಂಬ ಬೋಧನಾ ಶ್ರೇಣಿಗೂ, ಶ್ರೇಣಿಯನ್ನು ಶುಲ್ಕ ಏರಿಕೆಗೂ ಗಂಟು ಹಾಕಲು ಸರ್ಕಾರ ಹೊರಟಿತ್ತು. ‘ನಾವು ಮೆಚ್ಚಿದರೆ ನಮ್ಮ ತಮ್ಮಂದಿರ ಶುಲ್ಕ ಏರುತ್ತದೆ’ ಎಂದಾದಾಗ ಮೆಚ್ಚುವವರು ಯಾರು? ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಿ ಹಲವು ಕಡೆಯ ಅಂಕಗಳು ಆ ವರ್ಷ ಪ್ರಕಟವಾಗಲೇ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ತಿಳಿಯುತ್ತದೆ, ಆದರೆ ಪತ್ರಿಕೆಯ ತಲೆಬರಹದಲ್ಲಿ ಬರುವ ಅಂಕಿಯಿಂದಲ್ಲ. ‘ಒಟ್ಟಾರೆ ನಿಮಗೆ ತೃಪ್ತಿಯಿದೆಯೇ’ ಎಂಬ ಪ್ರಶ್ನೆಗೆ 2020ರಲ್ಲಿ ಅಲ್ಲಿನ ಶೇ. 83ರಷ್ಟು ಮಂದಿ ಹೌದೆಂದಿದ್ದರು. ಮರುವರ್ಷ ಅದು ಶೇ. 75ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಅಧ್ಯಾಪಕರು ಪಾಠ ಮಾಡುವುದನ್ನು ಮರೆತರೇ? ಇಲ್ಲ. ಕೊರೊನಾ ಬಂತು, ಗ್ರಂಥಾಲಯಕ್ಕೆ ಬೀಗ ಬಿತ್ತು, ಹುಡುಗರು ಹಾಸ್ಟೆಲ್ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತರು. ಅಂಕಿ ಹೇಳಿದ್ದು ಕಾಲದ ಸಂಕಟವನ್ನು. ಅದನ್ನು ಕಾಲೇಜಿನ ಗುಣಮಟ್ಟವೆಂದು ಓದಿದವರು ಮೋಸಹೋದರು.

ತೃಪ್ತಿ ಎನ್ನುವುದು ನಿರೀಕ್ಷೆಯ ಜೊತೆ ಏರಿಳಿಯುವ ವಸ್ತು. ಬ್ರಿಟನ್ನಿನಲ್ಲಿ ಉನ್ನತ ಶಿಕ್ಷಣದ ಬಗ್ಗೆ ಅಧ್ಯಯನ ಮಾಡುವ ‘ಹೆಪಿ’ ಎಂಬ ಸಂಸ್ಥೆ ಪ್ರತಿವರ್ಷ ಇನ್ನೊಂದು ಸಮೀಕ್ಷೆ ನಡೆಸುತ್ತದೆ. ಕೊಟ್ಟ ಹಣಕ್ಕೆ ತಕ್ಕ ಓದು ಸಿಗುತ್ತಿದೆಯೇ ಎಂದು ಅದು ಕೇಳುತ್ತದೆ. 2012ರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಚೆನ್ನಾಗಿ ಸಿಗುತ್ತಿದೆ ಎಂದಿದ್ದರು. ಆ ವರ್ಷವೇ ಇಂಗ್ಲೆಂಡಿನಲ್ಲಿ ಶುಲ್ಕದ ಮಿತಿ ಹೆಚ್ಚುಕಡಿಮೆ ಮೂರು ಪಟ್ಟಾಗಿ 9,000 ಪೌಂಡಿಗೆ ಏರಿತು. ಅಲ್ಲಿಂದ ಮೆಚ್ಚುಗೆ ಇಳಿಯುತ್ತ ಬಂದು 2021ರಲ್ಲಿ ಶೇ. 27ಕ್ಕೆ ಮುಟ್ಟಿತು, ಆಮೇಲೆ ಸ್ವಲ್ಪ ಚೇತರಿಸಿಕೊಂಡಿದೆ. ತಮ್ಮೂರ ಮಕ್ಕಳಿಗೆ ಶುಲ್ಕವೇ ಇಲ್ಲದ ಸ್ಕಾಟ್ಲೆಂಡಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಹೆಚ್ಚು ಹಸನ್ಮುಖಿ. ಪಾಠ ಅದೇ, ಕರಿಹಲಗೆ ಅದೇ. ಬೇರೆಯಾದದ್ದು ತಲೆಯ ಮೇಲಿನ ಸಾಲ. ಅದೇ ಸಮೀಕ್ಷೆಯ 2025ರ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಅಂಕಿ ಇನ್ನೊಂದು: ಶೇ. 68ರಷ್ಟು ವಿದ್ಯಾರ್ಥಿಗಳು ತರಗತಿ ನಡೆಯುವ ದಿನಗಳಲ್ಲೇ ಸಂಬಳಕ್ಕೆ ಎಲ್ಲೋ ದುಡಿಯುತ್ತಿದ್ದಾರೆ. ಇಲ್ಲಿ ತೃಪ್ತಿಯ ಮಾತೇ ಇಲ್ಲ. ಆದರೂ ವಿದ್ಯಾರ್ಥಿಯ ದಿನ ಹೇಗೆ ಕಳೆಯುತ್ತದೆ ಎಂದು ತಿಳಿಯಲು ಇದೊಂದು ಸಾಕು.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಿಂದ 2000ರಲ್ಲಿ ಹೊರಟ ಸಮೀಕ್ಷೆಯೊಂದು ಈ ಜಾಡನ್ನು ಮೊದಲೇ ಹಿಡಿದಿತ್ತು. ವಾರಕ್ಕೆ ಎಷ್ಟು ಗಂಟೆ ಓದಿದಿರಿ, ಎಷ್ಟು ಪುಟ ಬರೆದಿರಿ, ತರಗತಿಯ ಹೊರಗೆ ಅಧ್ಯಾಪಕರೊಡನೆ ಎಷ್ಟು ಸಲ ಮಾತನಾಡಿದಿರಿ ಎಂದು ಅದು ಕೇಳುತ್ತದೆ. ‘ಊಟ ಹೇಗಿತ್ತು’ ಎಂದರೆ ನೆಂಟರೆಲ್ಲ ಚೆನ್ನಾಗಿತ್ತು ಎನ್ನುತ್ತಾರೆ. ‘ಎಷ್ಟು ಸಲ ಬಡಿಸಿಕೊಂಡಿರಿ’ ಎಂದು ಕೇಳಿದರೆ ಅಡುಗೆಯವರಿಗೆ ವಿಷಯ ಗೊತ್ತಾಗುತ್ತದೆ. ಬ್ರಿಟಿಷರು ತಡವಾಗಿಯಾದರೂ ಈ ದಾರಿಗೆ ಬಂದರು. 2023ರಲ್ಲಿ ಇಂಗ್ಲೆಂಡಿನ ಮಟ್ಟಿಗೆ ನ್ಯಾಷನಲ್ ಸ್ಟೂಡೆಂಟ್ ಸರ್ವೆಯ ‘ಒಟ್ಟಾರೆ ತೃಪ್ತಿ’ಯ ಪ್ರಶ್ನೆಯನ್ನೇ ಕಿತ್ತುಹಾಕಿದರು. ಉಳಿದ ಪ್ರಶ್ನೆಗಳಲ್ಲೂ ‘ಒಪ್ಪುತ್ತೀರಾ, ಇಲ್ಲವಾ’ ಎನ್ನುವುದನ್ನು ಬಿಟ್ಟು ‘ಎಷ್ಟು ಸಲ’, ‘ಎಷ್ಟರಮಟ್ಟಿಗೆ’ ಎಂದು ಕೇಳತೊಡಗಿದರು.

ಆ ಬ್ರಿಟಿಷ್ ಸಮೀಕ್ಷೆಯಲ್ಲಿ ಮೊದಲಿನಿಂದಲೂ ಸೊರಗಿಕೊಂಡೇ ಬಂದಿರುವ ವಿಭಾಗವೊಂದಿದೆ. ಬೋಧನೆಗೆ ಒಳ್ಳೆಯ ಅಂಕ ಬರುತ್ತದೆ, ಗ್ರಂಥಾಲಯಕ್ಕೆ ಬರುತ್ತದೆ. ಮೌಲ್ಯಮಾಪನ ಎಂದ ಕೂಡಲೇ ಅಂಕ ಇಳಿಯುತ್ತದೆ. ಬರೆದದ್ದನ್ನು ತಿದ್ದಿ ಸಕಾಲಕ್ಕೆ ಹಿಂದಿರುಗಿಸಿದರೇ, ಎಲ್ಲಿ ಎಡವಿದೆ ಎಂದು ಹೇಳಿದರೇ ಎಂಬಲ್ಲಿ ಹುಡುಗರ ಅಸಮಾಧಾನ ವರ್ಷ ವರ್ಷವೂ ಕಾಣುತ್ತದೆ. ನಾನು ನಂಬುವುದು ಇಂಥ ಅಂಕಿಯನ್ನು. ಮಳೆ, ಶುಲ್ಕ, ಸಾಂಕ್ರಾಮಿಕ ಏನೇ ಬಂದರೂ ಎರಡು ದಶಕ ಒಂದೇ ಜಾಗದಲ್ಲಿ ನೋವೆಂದರೆ, ಅಲ್ಲಿ ಗಾಯವಿದೆ. ತಮಾಷೆಯೆಂದರೆ ‘ನಿಮ್ಮ ಅಭಿಪ್ರಾಯದ ಮೇಲೆ ಕ್ರಮ ಕೈಗೊಳ್ಳುತ್ತಿದ್ದಾರೆಂದು ನಿಮಗೆ ಎಷ್ಟು ಸ್ಪಷ್ಟವಿದೆ’ ಎಂಬ ಪ್ರಶ್ನೆಯೂ ಅದರಲ್ಲಿದೆ. ಅದೂ ಕಡಿಮೆ ಅಂಕ ಪಡೆಯುವ ಪ್ರಶ್ನೆಗಳ ಸಾಲಿನಲ್ಲೇ ಇದೆ.

ಮಳೆ ಎಂದೆನಲ್ಲ, ಅದು ಮಾತಿಗೆ ಹೇಳಿದ್ದಲ್ಲ. ಮಿಲಾನ್ ನಗರದ ಬೊಕ್ಕೋನಿ ವಿಶ್ವವಿದ್ಯಾಲಯದ ದಾಖಲೆಗಳನ್ನಿಟ್ಟುಕೊಂಡು ಮೂವರು ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಳೆ ಸುರಿವ ಚಳಿಯ ದಿನ ವಿದ್ಯಾರ್ಥಿಗಳು ಅಧ್ಯಾಪಕರಿಗೆ ಕಡಿಮೆ ಅಂಕ ಕೊಡುತ್ತಾರೆ. (ನಿಮ್ಮ ಕಡೆ ಆಷಾಢದಲ್ಲಿ ಸಮೀಕ್ಷೆ ಇಟ್ಟರೆ ಪಾಪ, ಅಧ್ಯಾಪಕರ ಗತಿಯೇನು!) ಅದೇ ಅಧ್ಯಯನದ ಇನ್ನೊಂದು ಮಾತು ಹೆಚ್ಚು ಚುಚ್ಚುವಂಥದು: ಯಾರ ಕೈಯಲ್ಲಿ ಕಲಿತವರು ಮುಂದಿನ ವರ್ಷಗಳ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರೋ ಆ ಅಧ್ಯಾಪಕರಿಗೇ ವಿದ್ಯಾರ್ಥಿಗಳಿಂದ ಕಡಿಮೆ ಅಂಕ ಬಂದಿತ್ತು. ಹಿಂಡಿ ಹಿಪ್ಪೆ ಮಾಡಿದ ಗಣಿತದ ಮೇಷ್ಟರನ್ನು ನಾವು ಮೆಚ್ಚಿದ್ದು ಯಾವಾಗ? ನಾನಂತೂ ಮೂವತ್ತು ದಾಟಿದ ಮೇಲೆ. 2015ರಲ್ಲಿ ಉತ್ತರ ಕೆರೊಲಿನಾದ ಒಂದು ಆನ್‌ಲೈನ್ ತರಗತಿಯಲ್ಲಿ ನಡೆದ ಸಣ್ಣ ಪ್ರಯೋಗದ ವರದಿ ಬಂತು. ಬೋಧಕರು ತಮ್ಮ ತಮ್ಮ ಹೆಸರು ಅದಲುಬದಲು ಮಾಡಿಕೊಂಡಿದ್ದರು. ಹೇಳಿಕೊಟ್ಟವರು ಯಾರೇ ಇರಲಿ, ಗಂಡು ಹೆಸರಿಗೆ ಹೆಚ್ಚು ಅಂಕ ಬಿತ್ತು. ಜರ್ಮನಿಯಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ತರಗತಿಯಲ್ಲಿ ಚಾಕೊಲೇಟ್ ಬಿಸ್ಕತ್ತು ಹಂಚಿ ನೋಡಿದರು; ಬಿಸ್ಕತ್ತು ತಿಂದವರು ಪಾಠವನ್ನೂ ಹೆಚ್ಚು ಮೆಚ್ಚಿದರು. ನಮ್ಮ ಪ್ರಾಂಶುಪಾಲರು ಇದನ್ನು ಓದಿ ಮಂಡಕ್ಕಿ ತರಿಸದಿದ್ದರೆ ಸಾಕು.

ನಮ್ಮಲ್ಲಿಗೆ ಬರೋಣ. ಬೆಂಗಳೂರಿನ ನಾಗರಬಾವಿಯಲ್ಲಿ ಕಚೇರಿ ಇರುವ ನ್ಯಾಕ್, 2017ರಲ್ಲಿ ಮಾನ್ಯತೆಯ ನಿಯಮಗಳನ್ನು ಪರಿಷ್ಕರಿಸಿದಾಗ ಈ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ತಂದಿತು. ವಿದ್ಯಾರ್ಥಿಗಳ ಪಟ್ಟಿಯನ್ನು ಕಾಲೇಜು ಕೊಡುತ್ತದೆ, ಇ-ಮೇಲ್ ನೇರವಾಗಿ ನ್ಯಾಕ್‌ನಿಂದ ಹೋಗುತ್ತದೆ. ಉತ್ತರಿಸಿದವರ ಗುರುತು ಬಿಟ್ಟುಕೊಡುವುದಿಲ್ಲ ಎಂಬ ಭರವಸೆಯೂ ಇದೆ. ಕಂಪ್ಯೂಟರ್ ಕೊಠಡಿಗೆ ಕರೆದೊಯ್ದರೆ ಆ ಭರವಸೆ ಬಾಗಿಲಲ್ಲೇ ಸತ್ತುಹೋಗುತ್ತದೆ. ಇನ್ನು ದೇಶದ ಶ್ರೇಯಾಂಕ ಪಟ್ಟಿ ಎನ್‌ಐಆರ್‌ಎಫ್ ಇದೆಯಲ್ಲ, ಅದರಲ್ಲಿ ಜನಾಭಿಪ್ರಾಯ ಎಂಬ ಅಂಶಕ್ಕೆ ಪ್ರಾಧ್ಯಾಪಕರನ್ನೂ ಉದ್ಯೋಗದಾತರನ್ನೂ ಕೇಳುತ್ತಾರೆ. ಬೆಂಚಿನ ಮೇಲೆ ಕುಳಿತವನನ್ನು ಕೇಳುವುದಿಲ್ಲ.

ನ್ಯಾಕ್‌ನ ಪ್ರಶ್ನೆಗಳು ಕೆಟ್ಟವೇನಲ್ಲ. ಪಠ್ಯಕ್ರಮದಲ್ಲಿ ಎಷ್ಟು ಭಾಗ ಮುಗಿಸಿದರು ಎಂದು ಕೇಳಿ, ಉತ್ತರಕ್ಕೆ ಶೇಕಡಾವಾರು ಕೊಡುತ್ತಾರೆ. ಅದು ‘ತೃಪ್ತಿಯೇ’ ಎನ್ನುವುದಕ್ಕಿಂತ ಎಷ್ಟೋ ಮೇಲು. ಆದರೆ 2023ರ ಕೊನೆಯ ತಿಂಗಳುಗಳನ್ನು ನೆನಪಿಸಿಕೊಳ್ಳಿ. ಸೇವೆ ಕಾಯಂ ಮಾಡಿ ಎಂದು ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಧರಣಿ ಕುಳಿತರು, ಸರ್ಕಾರಿ ಪದವಿ ಕಾಲೇಜುಗಳಲ್ಲಿ ವಾರಗಟ್ಟಲೆ ಪಾಠ ನಿಂತಿತು. ಆ ಸೆಮಿಸ್ಟರಿನಲ್ಲಿ ಪ್ರಾಮಾಣಿಕ ಹುಡುಗನೊಬ್ಬ ‘ಅರ್ಧ ಮಾತ್ರ ಮುಗಿದಿದೆ’ ಎಂದು ಒತ್ತಿದ್ದರೆ ಅಂಕ ಕಳೆದುಕೊಳ್ಳುತ್ತಿದ್ದುದು ಕಾಲೇಜು. ವರ್ಷಗಟ್ಟಲೆ ಹುದ್ದೆ ತುಂಬದೆ ಕೂತವರಿಗೆ ಅಂಕ ಕೊಡುವ ನಮೂನೆ ಯಾವುದೂ ಇಲ್ಲ.

ಇನ್ನೂ ಒಂದು ಕಡೆ ಈ ಸಮೀಕ್ಷೆಗಳು ಕುರುಡು. ಹಿಂದೊಮ್ಮೆ ನಮ್ಮ ಪತ್ರಿಕೆಯಲ್ಲಿ ‘ಪತ್ರಿಕೆ ಹೇಗಿದೆ’ ಎಂದು ಕೂಪನ್ ಅಚ್ಚು ಹಾಕಿದ್ದೆವು. ಬಂದದ್ದೆಲ್ಲ ಹೊಗಳಿಕೆ. ಒಂದು ವಾರ ಹಿಗ್ಗಿಕೊಂಡು ತಿರುಗಾಡಿದೆ. ಆಮೇಲೆ ನಮ್ಮ ಪ್ರಸರಣ ವಿಭಾಗದವರು ಮೆಲ್ಲಗೆ ಹೇಳಿದರು: ‘ಸಾರ್, ಬೇಸರವಾದವರು ಪತ್ರಿಕೆ ಕೊಳ್ಳುವುದನ್ನೇ ನಿಲ್ಲಿಸಿದ್ದಾರೆ, ಅವರಿಗೆ ಕೂಪನ್ ಎಲ್ಲಿಂದ ಸಿಗಬೇಕು?’ ಬ್ರಿಟನ್ನಿನಲ್ಲಿ ಕೊನೆಯ ವರ್ಷ ತಲುಪಿದವರನ್ನು ಮಾತ್ರ ಕೇಳುತ್ತಾರೆ. ನಮ್ಮಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರನ್ನು ಕೇಳುತ್ತಾರೆ. ಎರಡನೇ ಸೆಮಿಸ್ಟರಿಗೆ ಮದುವೆಯಾಗಿ ಹೋದವಳನ್ನು, ಅಪ್ಪನಿಗೆ ಹುಷಾರು ತಪ್ಪಿತೆಂದು ಗ್ಯಾರೇಜು ಸೇರಿದವನನ್ನು, ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಊರಿಗೆ ಮರಳಿದವನನ್ನು ಯಾರೂ ಕೇಳುವುದಿಲ್ಲ. ಕಾಲೇಜು ಹೇಗಿತ್ತೆಂದು ಹೇಳಲು ಅವರಷ್ಟು ಅರ್ಹರು ಇನ್ನಾರಿದ್ದಾರೆ?

ಆದ್ದರಿಂದ ನಾಟಕವೇ ಎಂದು ನೀವು ಕೇಳಿದ್ದಕ್ಕೆ ನನ್ನ ಉತ್ತರ: ಹೌದು, ಅಂಕದ ಭಾಗ ಬಹುಮಟ್ಟಿಗೆ ನಾಟಕ, ಆದರೆ ಪ್ರಶ್ನಾವಳಿಯ ಕೊನೆಯಲ್ಲಿ ಒಂದು ಕಿಟಕಿ ಇದೆ. ನ್ಯಾಕ್‌ನ ಇಪ್ಪತ್ತೊಂದನೇ ಪ್ರಶ್ನೆಗೆ ಒತ್ತಲು ಗುಂಡಿಯಿಲ್ಲ. ಕಲಿಕೆ ಸುಧಾರಿಸಲು ಮೂರು ಸಲಹೆ ಬರೆಯಿರಿ ಎನ್ನುತ್ತದೆ. ಕೊಠಡಿಯಲ್ಲಿ ನಿಂತವರಿಗೆ ‘ಮೊದಲನೇ ಉತ್ತರ ಒತ್ತಿ’ ಎಂದು ಹೇಳಲು ಅಲ್ಲಿ ಅವಕಾಶವಿಲ್ಲ. ಹೆಚ್ಚಿನವರು ‘ಚೆನ್ನಾಗಿದೆ’ ಎಂದೋ ‘ಏನಿಲ್ಲ’ ಎಂದೋ ಹಾಕಿ ಏಳುತ್ತಾರೆ. ನಿಮ್ಮ ಮಗಳೂ ಹಾಗೇ ಮಾಡಿರಬಹುದು. ಹೋಗಲಿ ಬಿಡಿ. ಅವಳನ್ನು ಈಗ ಮನೆಯಲ್ಲೇ ಕೂರಿಸಿ, ನೀವು ಕೇಳಿ. ತೃಪ್ತಿಯಿದೆಯೇ ಎಂದಲ್ಲ. ಕಿರುಪರೀಕ್ಷೆಯ ಉತ್ತರ ಪತ್ರಿಕೆ ಎಷ್ಟು ದಿನಕ್ಕೆ ಕೈಗೆ ಬಂತು, ಬಂದಾಗ ಅಂಕ ಬಿಟ್ಟು ಮತ್ತೇನಾದರೂ ಬರೆದಿತ್ತೇ? ರಸಾಯನ ವಿಜ್ಞಾನದ ಪ್ರಯೋಗವನ್ನು ತಾನೇ ಕೈಯಾರೆ ಮಾಡಿದಳೇ, ನಾಲ್ವರ ಹಿಂದೆ ನಿಂತು ನೋಡಿದಳೇ? ಸಂಜೆಯ ಬಸ್ಸು ಎಷ್ಟು ಗಂಟೆಗೆ, ಅದಕ್ಕಾಗಿ ಕೊನೆಯ ತರಗತಿ ತಪ್ಪಿಸುವುದು ವಾರಕ್ಕೆ ಎಷ್ಟು ಸಲ? ಟಿಕೆಟಿಗೆ ದುಡ್ಡು ಬೇಡವಾಗಿದ್ದರೂ ಹೊತ್ತಿಗೆ ಬಸ್ಸು ಬೇಕಲ್ಲ. ಜೊತೆಗೆ ಸೇರಿದವರಲ್ಲಿ ಈಗ ಎಷ್ಟು ಜನ ಉಳಿದಿದ್ದಾರೆ, ಹೋದವರು ಎಲ್ಲಿದ್ದಾರೆ?

ಅವಳು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಕಳುಹಿಸಿ. ಅಲಂಕಾರ ಬೇಡ, ದಿನಾಂಕ, ಗಂಟೆ ಇದ್ದರೆ ಸಾಕು. ಇನ್ನಿಬ್ಬರು ಗೆಳತಿಯರದೂ ಸಿಕ್ಕರೆ ಅದನ್ನೂ ಸೇರಿಸಿ. ಅಚ್ಚು ಹಾಕುತ್ತೇನೆ. ಹೆಸರು, ಊರು, ಕಾಲೇಜು ಮೂರನ್ನೂ ಬಿಟ್ಟು, ಈ ಪತ್ರಕ್ಕೆ ಮಾಡಿದ ಹಾಗೆಯೇ.

— ಸಂಪಾದಕ